ನಲವತ್ತರ ನಂತರ ಸೊರೊರಿಟಿ ಸೇರಿದ್ದು

ಸೊರೊರಿಟಿ ಎಂದರೆ ಅಮೆರಿಕದ ಕಾಲೇಜುಗಳಲ್ಲಿ ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ವಿದ್ಯಾರ್ಥಿನಿಯರ ಸಂಘ. ಅದನ್ನು ಸೇರಲು ವಯಸ್ಸಿನ ಮಿತಿ ಇದೆಯೇ ಎಂದು ಈಚೆಗೆ ನನ್ನನ್ನು ಕೇಳಿದವರೆಲ್ಲ ನನ್ನ ಹಾಗೆಯೇ ಮಕ್ಕಳು ಹೈಸ್ಕೂಲಿಗೆ ಬಂದ ಮೇಲೆ ಅಮೆರಿಕದ ಕಾಲೇಜಿಗೆ ಸೇರಿಕೊಂಡ ಕನ್ನಡದ ಹೆಂಗಸರು. ಪ್ರಶ್ನೆಯನ್ನು ಅವರು ಅರ್ಧ ತಮಾಷೆಯಾಗಿ, ಅರ್ಧ ಸಂಕೋಚದಿಂದ ಕೇಳುತ್ತಾರೆ. ಆದ್ದರಿಂದ ಉತ್ತರವನ್ನು ಒಮ್ಮೆ ಗಂಭೀರವಾಗಿಯೇ ಬರೆದಿಡುವುದು ಒಳ್ಳೆಯದೆನಿಸಿತು. ಮಿತಿ ಇಲ್ಲ. ನ್ಯಾಷನಲ್ ಪ್ಯಾನ್‌ಹೆಲೆನಿಕ್ ಕಾನ್ಫರೆನ್ಸ್ ಎಂಬ ಒಕ್ಕೂಟದಲ್ಲಿರುವ 26 ಸೊರೊರಿಟಿಗಳು ಕೇಳುವುದು ಇಷ್ಟೇ: ಸದಸ್ಯೆಯಾಗಬಯಸುವವಳು ತಮ್ಮ ಚಾಪ್ಟರ್, ಅಂದರೆ ಶಾಖೆ, ಇರುವ ಕಾಲೇಜಿನಲ್ಲಿ ಪದವಿಗೆ ಓದುತ್ತಿರಬೇಕು, ಗೊತ್ತುಮಾಡಿದಷ್ಟು ಅಂಕಗಳು ಅವಳಿಗಿರಬೇಕು, ಒಕ್ಕೂಟದ ಇನ್ನೊಂದು ಸೊರೊರಿಟಿಯಲ್ಲಿ ಅವಳು ಈಗಾಗಲೇ ದೀಕ್ಷೆ ಪಡೆದಿರಬಾರದು. ಹುಟ್ಟಿದ ವರ್ಷದ ಮಾತು ಅಲ್ಲೆಲ್ಲೂ ಬರುವುದಿಲ್ಲ. ಆದರೆ ನಲವತ್ತೊಂದನೆಯ ವಯಸ್ಸಿನಲ್ಲಿ ಸೇರಿ, ಪದವಿ ಮುಗಿಯುವವರೆಗೂ ಒಳಗಿದ್ದವಳಾಗಿ ಹೇಳುವುದಾದರೆ, ನಿಯಮದಲ್ಲಿಲ್ಲದ ಮಿತಿ ವೇಳಾಪಟ್ಟಿಯಲ್ಲಿದೆ, ಶುಲ್ಕದ ಚೀಟಿಯಲ್ಲಿದೆ, ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ಹೆಂಗಸರು ಇಪ್ಪತ್ತರ ಹುಡುಗಿಯರ ನಡುವೆ ಕುಳಿತ ಕೂಡಲೇ ತಾವಾಗಿಯೇ ವಹಿಸಿಕೊಳ್ಳುವ ಪಾತ್ರದಲ್ಲಿದೆ.

ನಾನು ಮೈಸೂರಿನಲ್ಲಿ ಬಿ.ಎಸ್‌ಸಿ. ಎರಡನೆಯ ವರ್ಷದಲ್ಲಿದ್ದಾಗ ಮದುವೆಯಾಯಿತು. ಉಳಿದ ಓದನ್ನು ಅಮೆರಿಕದಲ್ಲಿಯೇ ಮುಗಿಸಿದರಾಯಿತು ಎಂದು ಎರಡೂ ಮನೆಯವರು ಹೇಳಿದರು, ಮತ್ತು ಆಗ ಅದನ್ನು ಎಲ್ಲರೂ ಪ್ರಾಮಾಣಿಕವಾಗಿಯೇ ನಂಬಿದ್ದರು. ಗಂಡನ ಎಚ್-1ಬಿ ವೀಸಾದ ಹಿಂದೆ ಹೆಂಡತಿಗೆ ಸಿಗುವ ಎಚ್-4 ವೀಸಾದಲ್ಲಿ ಓದಲು ಅಡ್ಡಿಯಿಲ್ಲ, ದುಡಿಯಲು ಅಡ್ಡಿಯಿದೆ; ಗ್ರೀನ್ ಕಾರ್ಡಿನ ಸರದಿಯಲ್ಲಿರುವವರ ಸಂಗಾತಿಗಳಲ್ಲಿ ಕೆಲವರಿಗೆ ಕೆಲಸದ ಪರವಾನಗಿ ಸಿಗತೊಡಗಿದ್ದೇ 2015ರ ಮೇ ತಿಂಗಳಿನಿಂದ. ಕಡಿಮೆ ಆದಾಯದ ವಿದ್ಯಾರ್ಥಿಗಳಿಗೆ ಫೆಡರಲ್ ಸರಕಾರ ಕೊಡುವ ಪೆಲ್ ಅನುದಾನವೂ ವೀಸಾದವರಿಗೆ ಇಲ್ಲ. ಒಂದೇ ಸಂಬಳದ ಮನೆಯಲ್ಲಿ ಪೂರ್ತಿ ಶುಲ್ಕ ಕಟ್ಟಿ ಓದುವ ಮಾತು ಪ್ರತಿವರ್ಷ ಮುಂದಿನ ವರ್ಷಕ್ಕೆ ಹೋಗುತ್ತಿತ್ತು. ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆ ಟೆಕ್ಸಾಸ್‌ನ ನಮ್ಮ ಊರಿನ ಎರಡು ವರ್ಷದ ಓದಿನ ಕಮ್ಯುನಿಟಿ ಕಾಲೇಜಿನಲ್ಲಿ ಆರಂಭಿಸಿ, ಅಲ್ಲಿ ಗಳಿಸಿದ ಕ್ರೆಡಿಟ್‌ಗಳನ್ನು ಹೊತ್ತು ಒಂದು ರಾಜ್ಯ ವಿಶ್ವವಿದ್ಯಾಲಯಕ್ಕೆ ಅಕೌಂಟಿಂಗ್ ಪದವಿಗಾಗಿ ವರ್ಗವಾದೆ. ಇದು ಇಲ್ಲಿ ತೀರ ಸಾಮಾನ್ಯವಾದ, ಖರ್ಚೂ ಕಡಿಮೆಯಾದ ದಾರಿ.

ಕಮ್ಯುನಿಟಿ ಕಾಲೇಜಿನಲ್ಲಿ ನನ್ನ ವಯಸ್ಸು ಯಾರಿಗೂ ಕಾಣುತ್ತಿರಲಿಲ್ಲ. ಸಂಜೆಯ ತರಗತಿಗಳಲ್ಲಿ ಟ್ರಕ್ ಓಡಿಸುವವರು, ಸೈನ್ಯದಿಂದ ಬಂದವರು, ಮೊಮ್ಮಕ್ಕಳಿರುವವರು ಎಲ್ಲರೂ ಇದ್ದರು. ವಿಶ್ವವಿದ್ಯಾಲಯದಲ್ಲಿ ಹಾಗಲ್ಲ. ಅಲ್ಲಿನ ವಿದ್ಯಾರ್ಥಿಗಳು ಮೊದಲ ವರ್ಷದಲ್ಲಿಯೇ ಹಾಸ್ಟೆಲಿನಲ್ಲಿ ಗುಂಪು ಕಟ್ಟಿಕೊಂಡಿದ್ದವರು. ಮೂರನೆಯ ವರ್ಷಕ್ಕೆ ನೇರವಾಗಿ ಬಂದು ಬೀಳುವ, ಮನೆಯಿಂದ ಕಾರಿನಲ್ಲಿ ಬಂದು ಹೋಗುವ ವಿದ್ಯಾರ್ಥಿನಿಗೆ ಆ ಕ್ಯಾಂಪಸ್ಸೆಂದರೆ ತರಗತಿ ಮತ್ತು ಪಾರ್ಕಿಂಗ್ ಜಾಗ, ಅಷ್ಟೆ. ನನಗೆ ಸ್ನೇಹಿತೆಯರಿರಲಿಲ್ಲವೆಂದಲ್ಲ. ಕನ್ನಡ ಕೂಟದ ಗೆಳತಿಯರಿದ್ದರು, ಶುಕ್ರವಾರದ ಲಲಿತಾ ಸಹಸ್ರನಾಮದ ಗುಂಪಿತ್ತು. ಆದರೆ ಅವರೆಲ್ಲರನ್ನೂ ನನಗೆ ತಂದುಕೊಟ್ಟದ್ದು ಗಂಡನ ಕಂಪನಿ ಅಥವಾ ಮಗಳ ಶಾಲೆ. ನನ್ನ ಹೆಸರಿನ ಮೇಲೆಯೇ ಒಳಗೆ ಹೋಗಬಹುದಾದ ಒಂದು ಕೂಟ ಬೇಕೆನಿಸಿತ್ತು. ಸೊರೊರಿಟಿ ಅಂಥದೊಂದಿರಬಹುದೆಂದು ಹೊಳೆದದ್ದು ವಿದ್ಯಾರ್ಥಿ ಕೇಂದ್ರದಲ್ಲಿ ಅವರ ಮೇಜಿನ ಮುಂದೆ ದಿನವೂ ನಡೆದುಹೋಗುತ್ತಿದ್ದುದರಿಂದ.

ಕನ್ನಡದ ಓದುಗರಲ್ಲಿ ಹಲವರಿಗೆ ಸೊರೊರಿಟಿಯೆಂದರೆ ಬಿಳಿ ಕಂಬಗಳ ಮನೆ, ಅದರ ಮುಂದೆ ಒಂದೇ ಬಣ್ಣದ ಬಟ್ಟೆ ತೊಟ್ಟು ಕುಣಿಯುವ ಹೊಂಗೂದಲ ಹುಡುಗಿಯರು. ಆ ಚಿತ್ರ ಸುಳ್ಳಲ್ಲ, ಆದರೆ ಮೊದಲು ಇದು ಹಾಗಿರಲಿಲ್ಲ. ಜಾರ್ಜಿಯಾದ ಮೇಕನ್‌ನಲ್ಲಿರುವ ವೆಸ್ಲಿಯನ್ ಮಹಿಳಾ ಕಾಲೇಜಿನಲ್ಲಿ 1851ರಲ್ಲಿ ಹುಟ್ಟಿದ ಅಡೆಲ್ಫಿಯನ್ ಸೊಸೈಟಿ ಮುಂದೆ ಆಲ್ಫಾ ಡೆಲ್ಟಾ ಪೈ ಎನಿಸಿತು. ಮರುವರ್ಷ ಅಲ್ಲಿಯೇ ಹುಟ್ಟಿದ ಫಿಲೊಮಥಿಯನ್ ಸೊಸೈಟಿ ಫೈ ಮ್ಯೂ ಆಯಿತು. 1867ರಲ್ಲಿ ಇಲಿನಾಯ್‌ನ ಮಾನ್ಮತ್ ಕಾಲೇಜಿನಲ್ಲಿ ಪೈ ಬೀಟಾ ಫೈ, 1870ರಲ್ಲಿ ಇಂಡಿಯಾನಾದಲ್ಲಿ ಕಾಪ್ಪಾ ಆಲ್ಫಾ ಥೀಟಾ ಶುರುವಾದವು. ಗಂಡಸರ ಕಾಲೇಜುಗಳು ಹೆಣ್ಣುಮಕ್ಕಳನ್ನು ಆಗತಾನೆ, ಅದೂ ಬೆರಳೆಣಿಕೆಯಲ್ಲಿ, ಸೇರಿಸಿಕೊಳ್ಳತೊಡಗಿದ್ದ ಕಾಲವದು. ಅಂಥ ಕಾಲೇಜುಗಳಲ್ಲಿ ಯಾರಿಗೂ ಬೇಡವಾಗಿ ತರಗತಿಯಲ್ಲಿ ಕುಳಿತ ನಾಲ್ಕಾರು ಹುಡುಗಿಯರು ಒಬ್ಬರಿಗೊಬ್ಬರು ಆಸರೆಯಾಗಲು ಕಟ್ಟಿಕೊಂಡ ಗುಂಪುಗಳೂ ಇವುಗಳಲ್ಲಿದ್ದವು. 1902ರಲ್ಲಿ ಇಂಥ ಹಲವು ಸಂಸ್ಥೆಗಳು ಒಟ್ಟಾಗಿ ಮೇಲೆ ಹೇಳಿದ ಒಕ್ಕೂಟವನ್ನು ಮಾಡಿಕೊಂಡವು. ಶಿಕ್ಷಣದಲ್ಲಿ ಲಿಂಗಭೇದ ಮಾಡಬಾರದೆಂಬ 1972ರ ಟೈಟಲ್ ನೈನ್ ಕಾನೂನಿಗೆ 1974ರಲ್ಲಿ ಒಂದು ವಿನಾಯಿತಿ ಸೇರಿತು: ಸಕ್ರಿಯ ಸದಸ್ಯರಲ್ಲಿ ಮುಖ್ಯವಾಗಿ ಕಾಲೇಜು ವಿದ್ಯಾರ್ಥಿಗಳೇ ಇರುವ ಸಾಮಾಜಿಕ ಫ್ರಟರ್ನಿಟಿ (ಹುಡುಗರ ಇಂಥದೇ ಸಂಘ), ಸೊರೊರಿಟಿಗಳು ಗಂಡಸರಿಗೆ ಮಾತ್ರ ಅಥವಾ ಹೆಂಗಸರಿಗೆ ಮಾತ್ರ ಎಂದಿರಬಹುದು. ವಿದ್ಯಾರ್ಥಿನಿ ಎಷ್ಟು ವರ್ಷದವಳಾಗಿರಬೇಕೆಂಬುದನ್ನು ಆ ವಿನಾಯಿತಿ ಹೇಳುವುದಿಲ್ಲ.

ಕಪ್ಪು ಮಹಿಳೆಯರ ಸೊರೊರಿಟಿಗಳ ಕಥೆ ಬೇರೆಯೇ ಇದೆ. ವಯಸ್ಸಾದ ವಿದ್ಯಾರ್ಥಿನಿ ಮೊದಲು ಓದಬೇಕಾದದ್ದು ಅದನ್ನೇ ಎಂಬುದು ನನ್ನ ಅಭಿಪ್ರಾಯ. ವಾಷಿಂಗ್ಟನ್ನಿನ ಹೊವರ್ಡ್ ವಿಶ್ವವಿದ್ಯಾಲಯದಲ್ಲಿ 1908ರಲ್ಲಿ ಆಲ್ಫಾ ಕಾಪ್ಪಾ ಆಲ್ಫಾ, 1913ರಲ್ಲಿ ಡೆಲ್ಟಾ ಸಿಗ್ಮಾ ಥೀಟಾ, 1920ರಲ್ಲಿ ಜೀಟಾ ಫೈ ಬೀಟಾ ಹುಟ್ಟಿದವು. ಶ್ಯಾಮಲಾ ಗೋಪಾಲನ್ ಅವರ ಮಗಳು ಕಮಲಾ ಹ್ಯಾರಿಸ್ 1986ರಲ್ಲಿ ಸೇರಿದ್ದು ಈ ಮೊದಲನೆಯದನ್ನು. ನಾಲ್ಕನೆಯದಾದ ಸಿಗ್ಮಾ ಗ್ಯಾಮಾ ರೋವನ್ನು 1922ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಕಟ್ಟಿದ ಏಳು ಮಂದಿಯೂ ಶಾಲಾ ಶಿಕ್ಷಕಿಯರು, ಅಂದರೆ ಕೆಲಸ ಮಾಡುತ್ತಾ ಓದುವ ಹೆಂಗಸರು. ಈ ಸಂಸ್ಥೆಗಳಲ್ಲಿ ಪದವಿ ಮುಗಿಸಿದವರ ಚಾಪ್ಟರುಗಳು ಪ್ರತಿ ನಗರದಲ್ಲಿಯೂ ಗಟ್ಟಿಯಾಗಿವೆ. ಐವತ್ತು ವರ್ಷದ ಶಿಕ್ಷಕಿಯೋ ವಕೀಲೆಯೋ ಆ ಚಾಪ್ಟರಿನ ಮೂಲಕ ಹೊಸದಾಗಿ ಸೇರುವುದರಲ್ಲಿ ಯಾರಿಗೂ ಸೋಜಿಗವಿಲ್ಲ. ಕಾಲೇಜಿನ ದಿನಗಳು ಅವರಿಗೆ ಸದಸ್ಯತ್ವದ ಒಂದು ಸಣ್ಣ ಪಾಲು ಮಾತ್ರ.

ನಾನು ಮೊದಲು ವಿಚಾರಿಸಿದ್ದು ದಕ್ಷಿಣ ಏಷ್ಯಾದ ಹುಡುಗಿಯರ ಸೊರೊರಿಟಿಯನ್ನು. ಅಂಥವು ಹಲವಿವೆ: ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಕಾಪ್ಪಾ ಫೈ ಗ್ಯಾಮಾ, ಹ್ಯೂಸ್ಟನ್ ವಿಶ್ವವಿದ್ಯಾಲಯದಲ್ಲಿ ಡೆಲ್ಟಾ ಫೈ ಒಮೆಗಾ, ನ್ಯೂಯಾರ್ಕಿನ ಸೇಂಟ್ ಜಾನ್ಸ್‌ನಲ್ಲಿ ಸಿಗ್ಮಾ ಸಿಗ್ಮಾ ರೋ, ಮೂರೂ 1998ರಲ್ಲಿಯೇ ಹುಟ್ಟಿದವು. ಅಮೆರಿಕದ ಕನ್ನಡ ಕೂಟಗಳ ಆಗರವಾದ ‘ಅಕ್ಕ’ ಸ್ಥಾಪನೆಯಾದದ್ದೂ ಅದೇ 1998ರಲ್ಲಿ. ಅದು ಆಕಸ್ಮಿಕವಿರಲಾರದೆಂದು ನನಗನಿಸುತ್ತದೆ: 1965ರ ವಲಸೆ ಕಾನೂನಿನ ನಂತರ ಬಂದವರಿಗೆ ರಾಷ್ಟ್ರಮಟ್ಟದ ಸಂಸ್ಥೆ ಕಟ್ಟುವ ಬಲ ಬಂದ ಹೊತ್ತಿಗೇ ಅವರ ಹೆಣ್ಣುಮಕ್ಕಳು ಕಾಲೇಜಿನಲ್ಲಿ ತಮ್ಮದೇ ಜಾಗ ಹುಡುಕುವಷ್ಟು ಸಂಖ್ಯೆಯಲ್ಲಿದ್ದರು. ನಮ್ಮ ಕ್ಯಾಂಪಸ್ಸಿನಲ್ಲಿ ಆ ಬಗೆಯ ಗುಂಪಿನ ಹುಡುಗಿಯರು ನನ್ನನ್ನು ಕಂಡೊಡನೆ ಎದ್ದು ನಿಂತರು. ಕುರ್ಚಿ ತಂದುಕೊಟ್ಟರು, ಆಂಟಿ ಎಂದರು, ಮಗಳನ್ನು ಸೇರಿಸಲು ಬಂದಿದ್ದೇನೆಂದು ತಿಳಿದು ಶುಲ್ಕದ ವಿವರ ಹೇಳಿದರು. ವಿಷಯ ತಿಳಿದ ಮೇಲೂ ಅವರ ಸೌಜನ್ಯದಲ್ಲಿ ಒಂದಿಷ್ಟೂ ಕೊರತೆಯಾಗಲಿಲ್ಲ. ಆ ಸೌಜನ್ಯವೇ ನಾನು ಅಲ್ಲಿ ಸೇರದಿರಲು ಕಾರಣವಾಯಿತು. ತಮ್ಮ ಚಿಕ್ಕಮ್ಮನ ಓರಗೆಯವಳಿಗೆ ಅವರು ಸಭೆಯಲ್ಲಿ ಎದುರುತ್ತರ ಕೊಡಲಾರರು, ದಂಡ ಹಾಕಲಾರರು, ಕಸ ಗುಡಿಸು ಎನ್ನಲಾರರು. ಹಾಗೆ ಅನ್ನಲಾಗದ ಕಡೆ ನಾನು ಅತಿಥಿಯಾಗಿಯೇ ಉಳಿಯುತ್ತಿದ್ದೆ.

ಒಕ್ಕೂಟದ ಸೊರೊರಿಟಿಗಳಿಗೆ ಸೇರುವ ಮುಖ್ಯ ದಾರಿ, ರಶ್ ಎಂದು ಎಲ್ಲರೂ ಕರೆಯುವ ಔಪಚಾರಿಕ ರಿಕ್ರೂಟ್‌ಮೆಂಟ್. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಅದು ಸಾಮಾನ್ಯವಾಗಿ ಆಗಸ್ಟ್‌ನಲ್ಲಿ, ತರಗತಿಗಳು ತೆರೆಯುವ ಆಸುಪಾಸಿನಲ್ಲಿ ನಡೆಯುತ್ತದೆ. ಹಲವು ದಿನ, ಸುತ್ತಿನ ಮೇಲೆ ಸುತ್ತು, ಹುಡುಗಿಯರು ಒಂದೊಂದು ಚಾಪ್ಟರಿಗೂ ಹೋಗಿ ಮಾತನಾಡುತ್ತಾರೆ. ಒಬ್ಬಳೊಂದಿಗೆ ಐದಾರು ನಿಮಿಷ ಮಾತಾಡುವಷ್ಟರಲ್ಲಿ ಇನ್ನೊಬ್ಬಳು ಬಂದು ಆ ಜಾಗಕ್ಕೆ ನಿಲ್ಲುತ್ತಾಳೆ. ಪ್ರತಿ ಸುತ್ತಿನ ಕೊನೆಗೆ ಎರಡೂ ಕಡೆಯವರು ತಮ್ಮ ತಮ್ಮ ಪಟ್ಟಿ ಕೊಡುತ್ತಾರೆ, ಕಂಪ್ಯೂಟರ್ ಅವನ್ನು ಹೊಂದಿಸುತ್ತದೆ, ಮನೆಗಳ ಸಂಖ್ಯೆ ಕಡಿಮೆಯಾಗುತ್ತಾ ಪ್ರಿಫರೆನ್ಸ್ ಎಂಬ ಕೊನೆಯ ಸುತ್ತಿಗೆ ಬರುತ್ತದೆ. ಉಪ್ಪಿಟ್ಟು ಕೇಸರಿಭಾತು ಇಲ್ಲದ ವಧುಪರೀಕ್ಷೆಯೆಂದು ಅದನ್ನು ನೋಡಿದಾಗ ನನಗೆ ತೋರಿತು. 2021ರ ಆಗಸ್ಟ್‌ನಲ್ಲಿ ಅಲಬಾಮಾ ವಿಶ್ವವಿದ್ಯಾಲಯದ ಹುಡುಗಿಯರು ಆ ದಿನಗಳ ಉಡುಪುಗಳನ್ನು ಟಿಕ್‌ಟಾಕ್‌ನಲ್ಲಿ ತೋರಿಸಿ ಇಡೀ ದೇಶ ಅದನ್ನೇ ನೋಡುವಂತೆ ಮಾಡಿದ ಮೇಲಂತೂ ಇದರ ಖರ್ಚು ಮತ್ತು ಆಡಂಬರದ ಬಗ್ಗೆ ಹೇಳಬೇಕಾದದ್ದೇನೂ ಉಳಿದಿಲ್ಲ.

ಈ ದಾರಿ ವಯಸ್ಸಾದವಳಿಗೆ ಕಷ್ಟವಾಗುವುದು ಮುಖದ ಸುಕ್ಕಿನಿಂದಲ್ಲ, ಲೆಕ್ಕದಿಂದ. ಪ್ರತಿ ಚಾಪ್ಟರಿಗೂ ರಶ್‌ನಲ್ಲಿ ಇಷ್ಟೇ ಮಂದಿಯನ್ನು ತೆಗೆದುಕೊಳ್ಳಬಹುದೆಂಬ ಕೋಟಾ ಇರುತ್ತದೆ. ನಾಲ್ಕು ವರ್ಷ ಶುಲ್ಕ ಕಟ್ಟುವ, ನಾಲ್ಕು ವರ್ಷ ಕೆಲಸಕ್ಕೆ ಒದಗುವ ಮೊದಲ ವರ್ಷದವಳನ್ನು ಬಿಟ್ಟು ಎರಡೇ ವರ್ಷದಲ್ಲಿ ಹೊರಟುಹೋಗುವ ಮೂರನೆಯ ವರ್ಷದವಳನ್ನು ಯಾವ ಚಾಪ್ಟರ್ ಆರಿಸೀತು? ಈ ತೊಂದರೆ ಇಪ್ಪತ್ತರ ವಯಸ್ಸಿನ ವರ್ಗಾವಣೆಯ ವಿದ್ಯಾರ್ಥಿನಿಗೂ ಇದ್ದದ್ದೇ. ಅದಕ್ಕಾಗಿಯೇ ಕೆಲವು ಕ್ಯಾಂಪಸ್ಸುಗಳಲ್ಲಿ ಮೇಲಿನ ವರ್ಷದವರಿಗೆ ಬೇರೆ ಕೋಟಾ ಇಡುತ್ತಾರೆ. ಆದರೆ ಇನ್ನೊಂದು ಬಾಗಿಲಿದೆ. ಕ್ಯಾಂಪಸ್ಸು ಗೊತ್ತುಮಾಡಿದ ಒಟ್ಟು ಸದಸ್ಯಬಲಕ್ಕಿಂತ ಕಡಿಮೆ ಇರುವ ಚಾಪ್ಟರುಗಳು ರಶ್ ಮುಗಿದ ಮೇಲೂ ವರ್ಷವಿಡೀ ಸದಸ್ಯೆಯರನ್ನು ತೆಗೆದುಕೊಳ್ಳಬಹುದು; ಇದಕ್ಕೆ ಕಂಟಿನ್ಯುಯಸ್ ಓಪನ್ ಬಿಡ್ಡಿಂಗ್ ಎನ್ನುತ್ತಾರೆ. ಅಲ್ಲಿ ಸುತ್ತುಗಳಿಲ್ಲ, ಉಡುಪಿನ ಪಟ್ಟಿಯಿಲ್ಲ. ಒಂದು ಕಾಫಿ, ಒಂದು ಸಂಜೆಯ ಆಟ, ಒಂದು ಸೇವಾಕಾರ್ಯ, ಆಮೇಲೆ ಚಾಪ್ಟರಿನ ಮತದಾನ. ನಾನು ಹೋದದ್ದು ಈ ಬಾಗಿಲಿನಿಂದ, ಮತ್ತು ನನ್ನನ್ನು ಕೇಳುವವರಿಗೆಲ್ಲ ನಾನು ತೋರಿಸುವುದೂ ಇದನ್ನೇ. ಬಿಡ್, ಅಂದರೆ ಸೇರಲು ಚಾಪ್ಟರ್ ಕೊಡುವ ಆಹ್ವಾನ, ಒಪ್ಪಿಕೊಳ್ಳುವ ಮುನ್ನ ಒಂದು ವಿಷಯ ತಿಳಿದಿರಬೇಕು: ಒಪ್ಪಿ ಸಹಿ ಹಾಕಿ, ದೀಕ್ಷೆಗೆ ಮುಂಚೆ ಬಿಟ್ಟುಬಂದರೆ ಒಕ್ಕೂಟದ ಬೇರೆ ಸೊರೊರಿಟಿಗೆ ಆ ಕ್ಯಾಂಪಸ್ಸಿನಲ್ಲಿ ಒಂದು ಗೊತ್ತಾದ ಅವಧಿಯವರೆಗೆ ಸೇರುವಂತಿಲ್ಲ.

ನಾನು ಸೇರಿದ ಚಾಪ್ಟರಿಗೆ ಮನೆಯಿರಲಿಲ್ಲ. ಇದು ನನ್ನ ಅದೃಷ್ಟ. ಸ್ವಂತ ಮನೆಯಿರುವ ಚಾಪ್ಟರುಗಳು ಸದಸ್ಯೆಯರು ಒಂದು ವರ್ಷವಾದರೂ ಅಲ್ಲಿ ವಾಸಿಸಬೇಕೆಂದು ಕೇಳುವುದುಂಟು, ಮತ್ತು ಮನೆಯ ಖರ್ಚು ಶುಲ್ಕವನ್ನು ಸಾವಿರಗಳಿಗೆ ಏರಿಸುತ್ತದೆ. ನಮ್ಮದು ಸೆಮಿಸ್ಟರಿಗೆ ಐನೂರು ಡಾಲರಿನ ಆಸುಪಾಸು: ಸ್ಥಳೀಯ ಚಂದಾ, ರಾಷ್ಟ್ರೀಯ ಕಚೇರಿಗೆ ತಲೆಗಿಷ್ಟು, ವಿಮೆ. ಮೊದಲ ಸೆಮಿಸ್ಟರಿನಲ್ಲಿ ದೀಕ್ಷೆಯ ಶುಲ್ಕ ಮತ್ತು ಬ್ಯಾಡ್ಜಿನ ಬೆಲೆ ಇದರ ಮೇಲೆ ಸೇರಿತು. ಅಂಗಿಗಳಿಗೆ ಎಷ್ಟು ಖರ್ಚಾಗುತ್ತದೆಂಬುದನ್ನು ಯಾವ ಪಟ್ಟಿಯೂ ಹೇಳಲಿಲ್ಲ. ಪ್ರತಿ ಕಾರ್ಯಕ್ರಮಕ್ಕೂ ಒಂದು ಅಂಗಿ. ಈಗಲೂ ನಾನು ತೋಟದ ಕೆಲಸಕ್ಕೆ ಅವನ್ನೇ ತೊಡುತ್ತೇನೆ.

ಹೊಸ ಸದಸ್ಯೆಯ ಅವಧಿ ಆರೆಂಟು ವಾರ. ಆಗ ಸಂಸ್ಥೆಯ ಇತಿಹಾಸ, ಸ್ಥಾಪಕಿಯರ ಹೆಸರು, ಗ್ರೀಕ್ ಅಕ್ಷರಮಾಲೆ, ಸಭಾನಿಯಮ ಎಲ್ಲವನ್ನೂ ಕಲಿತು ಪರೀಕ್ಷೆ ಬರೆಯಬೇಕು. ಹೊಸಬರನ್ನು ಹಿಂಸಿಸುವ ಹೇಜಿಂಗ್ ಬಗ್ಗೆ ನಮ್ಮವರು ಮೊದಲು ಕೇಳುತ್ತಾರೆ, ಏಕೆಂದರೆ ರ‍್ಯಾಗಿಂಗ್ ಏನೆಂಬುದು ನಮಗೆ ಗೊತ್ತು, 2009ರ ಯುಜಿಸಿ ನಿಯಮಗಳು ಯಾವ ಸಾವುಗಳ ಹಿಂದೆ ಬಂದವೆಂಬುದೂ ಗೊತ್ತು. ಟೆಕ್ಸಾಸ್‌ನಲ್ಲಿ ಹೇಜಿಂಗ್ ಮಾಡುವುದಷ್ಟೇ ಅಲ್ಲ, ಕಣ್ಣಾರೆ ತಿಳಿದೂ ವರದಿ ಮಾಡದಿರುವುದು ಕೂಡ ಅಪರಾಧ. ಕಾಲೇಜುಗಳು ಹೇಜಿಂಗ್ ಪ್ರಕರಣಗಳ ವರದಿಯನ್ನು ಪ್ರಕಟಿಸಬೇಕೆಂಬ ಫೆಡರಲ್ ಕಾನೂನು 2024ರ ಡಿಸೆಂಬರ್‌ನಲ್ಲಿ ಬಂದಿದೆ. ನಮ್ಮ ಚಾಪ್ಟರಿನಲ್ಲಿ ನಾನು ಅಂಥದ್ದನ್ನು ಕಾಣಲಿಲ್ಲ. ದೀಕ್ಷೆಯ ವಿಧಿಯನ್ನು ಹೊರಗೆ ಹೇಳುವಂತಿಲ್ಲ, ಹೇಳುವುದಿಲ್ಲ. ಬೆಚ್ಚಿಬೀಳುವಂಥದ್ದೇನೂ ಅದರಲ್ಲಿರಲಿಲ್ಲ ಎಂದರೆ ಸಾಕು.

ಪ್ರತಿ ಹೊಸಬಳಿಗೂ ಒಬ್ಬ ಹಿರಿಯ ಸದಸ್ಯೆ ಸಿಗುತ್ತಾಳೆ, ಅವಳು ಬಿಗ್, ಹೊಸಬಳು ಲಿಟಲ್. ನನ್ನ ಬಿಗ್‌ಗೆ ಇಪ್ಪತ್ತು ವರ್ಷ. ಮೆಕ್ಸಿಕೋ ಗಡಿಯ ಕಡೆಯ ಒಂದು ಊರಿನವಳು, ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗಳು. ಅವಳು ಒಂದು ವಾರ ಗುಟ್ಟಾಗಿ ನನಗೆ ಉಡುಗೊರೆಗಳ ಬುಟ್ಟಿ ಕಳಿಸಿದಳು, ನನ್ನ ಹೆಸರು ಬಣ್ಣದಲ್ಲಿ ಬರೆದ ಮರದ ಹಲಗೆ ಮಾಡಿಕೊಟ್ಟಳು. ಆದರೆ ಅವಳಿಂದ ನನಗೆ ಸಿಕ್ಕ ನಿಜವಾದ ಲಾಭ ಬೇರೆ. ಯಾವ ಪ್ರೊಫೆಸರರಿಗೆ ಯಾವಾಗ ಇಮೇಲ್ ಬರೆಯಬೇಕು, ಅವರು ವಿದ್ಯಾರ್ಥಿಗಳನ್ನು ಕಾಣಲು ಮೀಸಲಿಟ್ಟ ಆಫೀಸ್ ಅವರ್ಸ್‌ಗೆ ಪ್ರಶ್ನೆಯಿಲ್ಲದೆಯೂ ಏಕೆ ಹೋಗಬೇಕು, ಅಕೌಂಟಿಂಗ್ ಕಂಪನಿಗಳು ಇಂಟರ್ನ್‌ಶಿಪ್‌ಗೆ ಹುಡುಕುವುದು ಬೇಸಿಗೆಗೆ ಎಷ್ಟು ಮುಂಚೆ, ಅವರ ಔತಣದಲ್ಲಿ ಎಲ್ಲಿ ನಿಲ್ಲಬೇಕು ಎಂಬುದನ್ನೆಲ್ಲ ನನಗೆ ಹೇಳಿಕೊಟ್ಟವಳು ಅವಳು. ಇವು ಯಾವ ಕೈಪಿಡಿಯಲ್ಲಿಯೂ ಇಲ್ಲದ ಜ್ಞಾನ. ಮೊದಲ ವರ್ಷದಲ್ಲಿ ಹಾಸ್ಟೆಲಿನ ಮೊಗಸಾಲೆಯಲ್ಲಿ ಸಿಗುವಂಥದ್ದು, ನನ್ನಂತೆ ತಡವಾಗಿ ಬಂದವರಿಗೆ ಸಿಗದಂಥದ್ದು.

ಇನ್ನು ಪಾತ್ರದ ಮಾತು. ನಲವತ್ತು ದಾಟಿದ ಹೆಂಗಸೊಬ್ಬಳು ಹುಡುಗಿಯರ ನಡುವೆ ಬಂದರೆ ಆ ಗುಂಪು ತನಗೇ ತಿಳಿಯದಂತೆ ಅವಳನ್ನು ತಾಯಿಯ ಜಾಗದಲ್ಲಿ ಕೂರಿಸುತ್ತದೆ, ಅವಳೂ ತನಗೇ ತಿಳಿಯದಂತೆ ಕೂರುತ್ತಾಳೆ. ಜ್ವರ ಬಂದರೆ ಅವಳಿಗೆ ಫೋನು, ಹುಡುಗ ಕೈಕೊಟ್ಟರೆ ಅವಳ ಹೆಗಲು, ಕಾರ್ಯಕ್ರಮಕ್ಕೆ ಊಟ ಕಡಿಮೆಯಾದರೆ ಅವಳ ಅಡಿಗೆಮನೆ. ಇದು ಕೇಳಲು ಹಿತವಾಗಿದೆ, ಆದ್ದರಿಂದಲೇ ಅಪಾಯದ್ದು. ಆ ಪಾತ್ರ ಮನೆಯಲ್ಲಿ ನನಗೆ ಆಗಲೇ ಇತ್ತು, ಕನ್ನಡ ಕೂಟದಲ್ಲಿಯೂ ಇತ್ತು. ಮೂರನೆಯ ಕಡೆಯೂ ಅದನ್ನೇ ಮಾಡಲು ಶುಲ್ಕ ಕಟ್ಟಿ ಹೋಗಬೇಕಾಗಿರಲಿಲ್ಲ. ಹಾಗಾಗಿ ಕೆಲವು ಕಟ್ಟುಪಾಡುಗಳನ್ನು ನನಗೆ ನಾನೇ ಹಾಕಿಕೊಂಡೆ. ಸರದಿಯ ಪಟ್ಟಿಯಲ್ಲಿ ನನ್ನ ಹೆಸರಿದ್ದ ರಾತ್ರಿ ಮಾತ್ರ ಕಾರು ಓಡಿಸುವುದು. ಅಡಿಗೆ ಮಾಡಿ ತರುವುದಿಲ್ಲ. ಎಲ್ಲರಂತೆ ಅಂಗಡಿಯ ಚಿಪ್ಸ್. ಎರಡು ಸಲ ಕೇಳದ ಹೊರತು ಬುದ್ಧಿಮಾತಿಲ್ಲ, ಮತ್ತು ‘ನನ್ನ ಮಗಳಿಗೂ ಇದನ್ನೇ ಹೇಳುತ್ತೇನೆ’ ಎಂಬ ವಾಕ್ಯ ಯಾವ ಸಂದರ್ಭದಲ್ಲಿಯೂ ಇಲ್ಲ. ಈ ಕೊನೆಯದು ಎಲ್ಲಕ್ಕಿಂತ ಕಷ್ಟದ್ದು.

ಮದ್ಯದ ವಿಷಯದಲ್ಲಿ ಮಾತ್ರ ನನ್ನ ವಯಸ್ಸು ಕಾನೂನಿನ ಪ್ರಶ್ನೆಯಾಗುತ್ತಿತ್ತು. 1984ರ ಫೆಡರಲ್ ಕಾನೂನಿನ ಒತ್ತಡದಿಂದ ಇಲ್ಲಿ ಎಲ್ಲ ರಾಜ್ಯಗಳಲ್ಲಿಯೂ 21 ತುಂಬುವವರೆಗೆ ಮದ್ಯ ಕೊಳ್ಳುವಂತಿಲ್ಲ; ಚಾಪ್ಟರಿನ ಬಹುಪಾಲು ಹುಡುಗಿಯರು ಅದರ ಕೆಳಗಿನವರು. ಅಂಗಡಿಯಲ್ಲಿ ಯಾರೂ ಗುರುತಿನ ಚೀಟಿ ಕೇಳದಂಥ ಮುಖವಿರುವ ಒಬ್ಬ ಸದಸ್ಯೆ ಸಿಕ್ಕಿದ್ದಾಳೆಂಬುದು ಕೆಲವರಿಗೆ ಬೇಗನೆ ಹೊಳೆಯಿತು. ಟೆಕ್ಸಾಸ್‌ನಲ್ಲಿ 21ರ ಕೆಳಗಿನವರಿಗೆ ಮದ್ಯ ತಂದುಕೊಟ್ಟರೆ ಒಂದು ವರ್ಷದವರೆಗೆ ಜೈಲು, 4,000 ಡಾಲರಿನವರೆಗೆ ದಂಡ. ಅದನ್ನು ಅವರಿಗೆ ಹೇಳಿದಾಗ ನಾನು ನೀತಿ ಬೋಧಿಸಲಿಲ್ಲ, ಲೆಕ್ಕಪರಿಶೋಧಕರಾಗಲು ಬೇಕಾದ ಸಿಪಿಎ ಪರವಾನಗಿಗೆ ಅರ್ಜಿ ಹಾಕುವವಳ ಮೇಲೆ ಅಂಥ ಪ್ರಕರಣವಿದ್ದರೆ ಏನಾಗುತ್ತದೆಂದು ಯೋಚಿಸಿ ಎಂದೆ. ವೃತ್ತಿಯ ಮಾತು ಅವರಿಗೆ ಕೂಡಲೇ ಅರ್ಥವಾಯಿತು.

ತನಗಿಂತ ಕಿರಿಯರಿಂದ ಆಳಿಸಿಕೊಳ್ಳುವುದು ಹೇಗಿರುತ್ತದೆಂದು ಕೇಳಿದರೆ, ಅದು ಚೆನ್ನಾಗಿತ್ತು ಎನ್ನುತ್ತೇನೆ. ಚಾಪ್ಟರ್ ಸಭೆ ಭಾನುವಾರ ಸಂಜೆ, ಸಭಾನಿಯಮಗಳ ಪ್ರಕಾರ, ಸೂಚನೆ, ಅನುಮೋದನೆ, ಮತ. ಹಲವು ಸಂಘಗಳ ಸಭೆ ಕಂಡ ನಾನು ಇಪ್ಪತ್ತೊಂದು ವರ್ಷದ ಅಧ್ಯಕ್ಷೆಯೊಬ್ಬಳು ಸಾವಿರಾರು ಡಾಲರುಗಳ ಬಜೆಟ್ಟನ್ನು ಅಷ್ಟು ಕಡಿಮೆ ಮಾತಿನಲ್ಲಿ ಮುಗಿಸಿದ್ದನ್ನು ಬೇರೆಲ್ಲೂ ನೋಡಿಲ್ಲ. ಸೇವಾಕಾರ್ಯಗಳ ಹಣವೇ ದೊಡ್ಡ ಮೊತ್ತ. ಒಂದೊಂದು ಸಂಸ್ಥೆಗೂ ಒಂದೊಂದು ಉದ್ದೇಶವಿರುತ್ತದೆ, ಜೀಟಾ ಟಾವ್ ಆಲ್ಫಾದವರಿಗೆ ಸ್ತನ ಕ್ಯಾನ್ಸರ್ ಜಾಗೃತಿ, ಆಲ್ಫಾ ಡೆಲ್ಟಾ ಪೈನವರಿಗೆ ರೊನಾಲ್ಡ್ ಮೆಕ್‌ಡೊನಾಲ್ಡ್ ಹೌಸ್ ಎಂಬ ಹಾಗೆ. ನನಗೆ ಕೊಟ್ಟ ಮೊದಲ ಕೆಲಸ ಕಾಗದದ ಅಕ್ಷರಗಳನ್ನು ಕತ್ತರಿಸುವುದು. ಅಕೌಂಟಿಂಗ್ ಓದುತ್ತಿದ್ದವಳೆಂದು ಖಜಾಂಚಿಗೆ ಸಹಾಯಕಿಯಾಗಬಹುದೇ ಎಂದು ಸೂಚಿಸಿದಾಗ, ಮೊದಲು ಒಂದು ವರ್ಷ ಕಳೆಯಲಿ ಎಂದರು. ಸರಿಯಾದ ಉತ್ತರವೇ.

ಕಿರಿಕಿರಿಯಾದದ್ದು ಹಾಜರಾತಿಯ ಅಂಕಗಳಿಂದ. ತರಗತಿ, ಪರೀಕ್ಷೆ, ಸ್ವಂತ ಕಾಯಿಲೆ ಇವಿಷ್ಟಕ್ಕೆ ಗೈರುಹಾಜರಿಗೆ ವಿನಾಯಿತಿ. ಮಗಳ ಆರ್ಕೆಸ್ಟ್ರಾ, ಅತ್ತೆಯ ಮೊಣಕಾಲಿನ ಶಸ್ತ್ರಚಿಕಿತ್ಸೆ, ನಾನು ಭಾನುವಾರ ಮಧ್ಯಾಹ್ನ ಕಲಿಸುತ್ತಿದ್ದ ಕನ್ನಡ ಶಾಲೆ ಇವು ಪಟ್ಟಿಯಲ್ಲಿರಲಿಲ್ಲ. ಇದು ಯಾರ ಕೆಟ್ಟತನವೂ ಅಲ್ಲ. ಹದಿನೆಂಟರಿಂದ ಇಪ್ಪತ್ತೆರಡರವರು ತಮ್ಮ ಬದುಕಿಗೆ ಬರೆದುಕೊಂಡ ನಿಯಮ ಅದು, ಅವರ ಬದುಕಿನಲ್ಲಿ ಅತ್ತೆಯ ಮೊಣಕಾಲಿಲ್ಲ. ತಿದ್ದುಪಡಿಯೊಂದನ್ನು ಮಂಡಿಸಿದೆ, ಯಾರನ್ನಾದರೂ ನೋಡಿಕೊಳ್ಳುವ ಜವಾಬ್ದಾರಿ ಇದ್ದರೆ ಮುಂಚಿತವಾಗಿ ತಿಳಿಸಿ ವಿನಾಯಿತಿ ಪಡೆಯಬಹುದೆಂದು. ಅದು ಗೆದ್ದದ್ದು ನನ್ನಿಂದಲ್ಲ. ತಮ್ಮತಂಗಿಯರನ್ನು ನೋಡಿಕೊಳ್ಳುತ್ತಾ, ರಾತ್ರಿ ಅಂಗಡಿಯಲ್ಲಿ ದುಡಿಯುತ್ತಾ ಓದುತ್ತಿದ್ದ, ಅದುವರೆಗೆ ಬಾಯಿಬಿಡದಿದ್ದ ಹುಡುಗಿಯರು ಎದ್ದು ಮಾತಾಡಿದ್ದರಿಂದ.

ಮನೆಯಲ್ಲಿ ಗಂಡ ಶುಲ್ಕ ಎಷ್ಟೆಂದು ಕೇಳಿ ಸುಮ್ಮನಾದ. ಹೈಸ್ಕೂಲಿನಲ್ಲಿದ್ದ ಮಗಳಿಗೆ ನಾಚಿಕೆಯಾಯಿತು, ಫೋಟೋಗಳನ್ನು ಎಲ್ಲಿಯೂ ಹಾಕಬಾರದೆಂದು ಕರಾರು ಮಾಡಿಸಿಕೊಂಡಳು. ಕೂಟದ ಗೆಳತಿಯರು ‘ಈ ವಯಸ್ಸಿನಲ್ಲಿ ನಿನಗಿದೆಲ್ಲ ಯಾಕೆ’ ಎಂದವರು ನಂತರ ಒಬ್ಬೊಬ್ಬರೇ ಬೇರೆಯಾಗಿ ಬಂದು ವಿವರ ಕೇಳಿದರು.

ಈ ಲೋಕದ ಮೇಲೆ ನನಗಿರುವ ಮೆಚ್ಚುಗೆಯಲ್ಲಿ ಕುರುಡಿಲ್ಲವೆಂದುಕೊಂಡಿದ್ದೇನೆ. 2013ರ ಸೆಪ್ಟೆಂಬರ್‌ನಲ್ಲಿ ಅಲಬಾಮಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆ ಕ್ರಿಮ್ಸನ್ ವೈಟ್ ಒಂದು ವರದಿ ಪ್ರಕಟಿಸಿತು: ಒಳ್ಳೆಯ ಅಂಕಗಳಿದ್ದ ಕಪ್ಪು ಹುಡುಗಿಯನ್ನು ಅಲ್ಲಿನ ಬಿಳಿಯರ ಸೊರೊರಿಟಿಗಳು ಸೇರಿಸಿಕೊಳ್ಳಲಿಲ್ಲ, ಚಾಪ್ಟರಿನ ಹುಡುಗಿಯರಲ್ಲಿ ಕೆಲವರಿಗೆ ಅವಳು ಬೇಕಿದ್ದರೂ ಹಳೆಯ ಸದಸ್ಯೆಯರು ತಡೆದರು ಎಂದು. ಗದ್ದಲವಾದ ಮೇಲೆ ವಿಶ್ವವಿದ್ಯಾಲಯ ಮಾಡಿಸಿದ್ದೇನೆಂದರೆ, ನಾನು ಒಳಗೆ ಬಂದ ಅದೇ ಓಪನ್ ಬಿಡ್ಡಿಂಗ್ ಬಾಗಿಲನ್ನು ತೆರೆಸಿದ್ದು. ಕಪ್ಪು ಹುಡುಗಿಯರು ಆಗ ಅದರ ಮೂಲಕ ಸೇರಿದರು. ಹಳೆಯ ಸದಸ್ಯೆಯರ ಕೈಗೆ ಚಾಪ್ಟರಿನ ಲಗಾಮು ಸಿಕ್ಕರೆ ಏನಾಗಬಲ್ಲದೆಂಬುದಕ್ಕೆ ಈ ಪ್ರಸಂಗವನ್ನು ನಾನು ನೆನಪಿಟ್ಟುಕೊಂಡಿದ್ದೇನೆ, ಏಕೆಂದರೆ ಈಗ ನಾನೇ ಹಳೆಯ ಸದಸ್ಯೆ.

ನಮ್ಮಂಥವರಿಗೆ ಸೊರೊರಿಟಿಯ ಸಾರ ಇರುವುದೂ ಪದವಿಯ ನಂತರದ ಈ ಎರಡನೆಯ ಭಾಗದಲ್ಲಿಯೇ. ಸದಸ್ಯತ್ವ ಜೀವನಪರ್ಯಂತದ್ದು. ಪದವಿಯಾದ ಮರುದಿನವೇ ನಾನು ಊರಿನ ಅಲಮ್ನಾ ಚಾಪ್ಟರಿಗೆ, ಅಂದರೆ ಪದವಿ ಮುಗಿಸಿದವರ ಶಾಖೆಗೆ, ಅರ್ಹಳಾದೆ, ಅಲ್ಲಿ ನನ್ನ ಓರಗೆಯವರೇ ಹೆಚ್ಚು. ನನಗೆ ಮೊದಲ ಕೆಲಸದ ಸಂದರ್ಶನ ಸಿಕ್ಕಿದ್ದು ಅವರಲ್ಲಿ ಒಬ್ಬರು ರೆಸ್ಯೂಮೆ ಮುಂದೆ ಕಳಿಸಿದ್ದರಿಂದ. ಕಾಲೇಜಿನಲ್ಲಿ ಓದುತ್ತಿರದವರಿಗೂ ದಾರಿಯಿದೆ: ಒಕ್ಕೂಟದ ಹಲವು ಸಂಸ್ಥೆಗಳು ಕಾಲೇಜಿನ ದಿನಗಳಲ್ಲಿ ಸೇರದ ಮಹಿಳೆಯನ್ನು ಅಲಮ್ನಾ ಇನಿಷಿಯೇಟ್ ಎಂದು ನೇರವಾಗಿ ಸೇರಿಸಿಕೊಳ್ಳುತ್ತವೆ. ಇನ್ನು ಪಿ.ಇ.ಓ. ಸಿಸ್ಟರ್‌ಹುಡ್ ಬಗ್ಗೆ ಓದಿಗೆ ಮರಳಿದ ಪ್ರತಿಯೊಬ್ಬಳೂ ತಿಳಿದಿರಬೇಕು. 1869ರಲ್ಲಿ ಅಯೋವಾ ವೆಸ್ಲಿಯನ್ ಕಾಲೇಜಿನ ಏಳು ವಿದ್ಯಾರ್ಥಿನಿಯರು ಅದನ್ನು ಕ್ಯಾಂಪಸ್ಸಿನ ಕೂಟವಾಗಿಯೇ ಆರಂಭಿಸಿದ್ದು. ಕ್ರಮೇಣ ಅದು ಕಾಲೇಜನ್ನು ಬಿಟ್ಟು ಊರ ಹೆಂಗಸರ ಸಂಘವಾಯಿತು, ಮಿಸೌರಿಯ ಕಾಟಿ ಕಾಲೇಜು ಅದರದ್ದೇ. ಓದು ನಡುವೆ ನಿಂತುಹೋದ ಮಹಿಳೆಯರಿಗೆ ಅದು 1973ರಿಂದ ಅನುದಾನ ಕೊಡುತ್ತಾ ಬಂದಿದೆ. ಅರ್ಜಿಗೆ ಸ್ಥಳೀಯ ಚಾಪ್ಟರೊಂದು ಶಿಫಾರಸು ಮಾಡಬೇಕು. ಕೇಳಿದರೆ ಆ ಹೆಂಗಸರು ಸಾಮಾನ್ಯವಾಗಿ ಸಂತೋಷದಿಂದಲೇ ಮಾತಾಡುತ್ತಾರೆ.

ನನ್ನನ್ನು ಕೇಳುವವರಿಗೆ ನಾನು ಹೇಳುವುದು, ಬಿಡ್‌ಗೆ ಸಹಿ ಹಾಕುವ ಮುನ್ನ ಪೂರ್ತಿ ಶುಲ್ಕದ ಪಟ್ಟಿಯನ್ನು ಬರವಣಿಗೆಯಲ್ಲಿ ಪಡೆಯಿರಿ, ಸಭೆ ಯಾವ ವಾರ ಯಾವ ಹೊತ್ತಿಗೆಂದು ಕೇಳಿ, ಗೈರುಹಾಜರಿಯ ನಿಯಮ ಓದಿ, ಮತ್ತು ಹುಡುಗಿಯರು ನಿಮ್ಮೊಂದಿಗೆ ಸಲಿಗೆಯಿಂದ ವಾದಿಸುತ್ತಾರೆಯೇ ನೋಡಿ. ವಾದಿಸದೆ ಬರೀ ಮರ್ಯಾದೆ ಕೊಡುತ್ತಿದ್ದರೆ ಬೇರೆ ಚಾಪ್ಟರ್ ಹುಡುಕಿ. ಕಳೆದ ಬೇಸಿಗೆಯಲ್ಲಿ ನಮ್ಮ ಚಾಪ್ಟರಿಗೆ ಹಣಕಾಸಿನ ಸಲಹೆಗಾರ್ತಿಯಾಗಲು ನನ್ನನ್ನು ಕೇಳಿದರು. ಸಲಹೆಗಾರ್ತಿಯೆಂದರೆ ಹುಡುಗಿಯರ ಲೆಕ್ಕ ನೋಡುವ, ತಪ್ಪು ತೋರಿಸುವ, ರಾತ್ರಿ ಫೋನು ಎತ್ತುವ ಹಿರಿಯಳು. ನನ್ನೊಡನೆ ಹೊಸ ಸದಸ್ಯೆಯರಾಗಿದ್ದವರು ಇನ್ನೂ ಅಲ್ಲಿ ಓದುತ್ತಿದ್ದಾರೆ. ಅವರ ಪಾಲಿಗೆ ನಾನು ಆ ಹುದ್ದೆಯಲ್ಲಿ ಕೂರಲಾರೆ ಎಂದು ತಿಳಿಸಿ, ಅವರು ಪದವಿ ಪಡೆದ ಮೇಲೆ ಮತ್ತೆ ಕೇಳಿ ಎಂದು ಉತ್ತರ ಬರೆದಿದ್ದೇನೆ. ಸದ್ಯಕ್ಕೆ ಅಲಮ್ನಾ ಚಾಪ್ಟರಿನ ವಿದ್ಯಾರ್ಥಿವೇತನದ ಅರ್ಜಿಗಳನ್ನು ಓದುವ ಸಮಿತಿಯಲ್ಲಿದ್ದೇನೆ. ಅರ್ಜಿಯ ನಮೂನೆಯಲ್ಲಿ ಹೈಸ್ಕೂಲು ಮುಗಿಸಿದ ವರ್ಷ ಕೇಳುವ ಕಾಲಮ್ಮನ್ನು ತೆಗೆಸಬೇಕೆಂಬ ಸೂಚನೆ ಮುಂದಿನ ಸಭೆಗೆ ಬರಲಿದೆ.